ಎಷ್ಟು ಕಷ್ಟ ಅನಿಸ್ತಿದೆ, ಮೇಷ್ಟ್ರೇ?

ಸ್ಟ್ಯಾಟಿಕ್ ಸೈಕಲ್ ತುಳಿಯುತ್ತಿರುವವರನ್ನು ಕಂಡರೆ ಜನ ಕೇಳುವುದು ಎರಡೇ ಪ್ರಶ್ನೆ. ಎಷ್ಟು ಕಿಲೋಮೀಟರ್ ಆಯ್ತು? ಎಷ್ಟು ಕ್ಯಾಲೊರಿ ಹೋಯ್ತು? ಎರಡಕ್ಕೂ ಉತ್ತರ ಕೊಡುವುದು ಹ್ಯಾಂಡಲ್ ನಡುವಿನ ಆ ಪುಟ್ಟ ಪರದೆ. ತುಳಿಯುತ್ತಿರುವ ಮನುಷ್ಯನಿಗೆ ಎಷ್ಟು ಕಷ್ಟ ಅನಿಸುತ್ತಿದೆ ಅಂತ ಕೇಳುವವರು ಬಹಳ ಕಡಿಮೆ. ಕೇಳಿದರೂ ಅದು ಉಪಚಾರಕ್ಕೆ ಆಡುವ ಮಾತು, ಉತ್ತರಕ್ಕೆ ಯಾರೂ ಕಾಯುವುದಿಲ್ಲ.

ನಾನು ಬಹಳ ವರ್ಷ ಆಸ್ಪತ್ರೆಯ ಫಿಸಿಯೋಥೆರಪಿ ವಿಭಾಗದಲ್ಲಿ ಕೆಲಸ ಮಾಡಿದವಳು. ಹೃದಯಕ್ಕೆ ಚಿಕಿತ್ಸೆ ಆದವರನ್ನು ಸೈಕಲ್ ಮೇಲೆ ಕೂರಿಸಿ, ಎರಡು ಮೂರು ನಿಮಿಷಕ್ಕೊಮ್ಮೆ ಇದೇ ಪ್ರಶ್ನೆ ಕೇಳುತ್ತಿದ್ದೆವು. ಬಂದ ಉತ್ತರವನ್ನು ನಾಡಿ ಬಡಿತ, ಬಿಪಿ ಬರೆಯುವ ಸಾಲಿನಲ್ಲೇ ಬರೆದುಕೊಳ್ಳುತ್ತಿದ್ದೆವು. ಅದಕ್ಕೂ ಒಂದು ಅಳತೆ ಇದೆ, ಅಂಕ ಇದೆ, ಅದರ ಹಿಂದೆ ಒಬ್ಬ ವಿಜ್ಞಾನಿಯ ಜೀವಮಾನದ ಕೆಲಸ ಇದೆ. ಈಗ ನಿವೃತ್ತಳಾಗಿ ಮೈಸೂರಿನಲ್ಲಿ ಮನೆ ಹಿಡಿದು ಕೂತಿದ್ದರೂ ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ, ಪಕ್ಕದ ಮನೆಯ ಮೇಷ್ಟ್ರ ದೆಸೆಯಿಂದ.

ಮೇಷ್ಟ್ರು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವರು. ಎಪ್ಪತ್ತರ ಹತ್ತಿರ ಇದ್ದಾರೆ. ಹೋದ ವರ್ಷ ಹೃದಯಾಘಾತವಾಗಿ ಸ್ಟೆಂಟ್ ಹಾಕಿಸಿಕೊಂಡ ಮೇಲೆ ಮಗ ಒಂದು ಸೈಕಲ್ ತಂದುಕೊಟ್ಟ. ಅದು ಅವರ ಮನೆಯ ಪಕ್ಕದ ಕಿರಿದಾದ ಜಾಗದಲ್ಲಿ, ಶೀಟಿನ ಕೆಳಗೆ, ನಮ್ಮ ಕಾಂಪೌಂಡ್ ಗೋಡೆಗೆ ತಾಗಿದ ಹಾಗೆ ಇದೆ. ಬೆಳಿಗ್ಗೆ ನಾನು ಬಟ್ಟೆ ಹರವಲು ಹೊರಗೆ ಬರುವ ಹೊತ್ತಿಗೆ ಅವರು ಪೆಡಲ್ ತುಳಿಯುತ್ತಿರುತ್ತಾರೆ. ಹಾಗಾಗಿ ನಮ್ಮಿಬ್ಬರ ಹರಟೆಯೆಲ್ಲ ಸೈಕಲ್ ಸದ್ದಿನ ಜೊತೆಗೇ. ಅದು ಅವರಿಗೂ ಒಳ್ಳೆಯದೇ. ತುಳಿಯುತ್ತಾ ಒಂದಿಡೀ ಮಾತನ್ನು ತಡೆಯದೆ ಆಡಲು ಆಗುತ್ತಿದ್ದರೆ ಶ್ರಮ ಹದದಲ್ಲಿದೆ ಅಂತ ಲೆಕ್ಕ. ಎರಡು ಮೂರು ಪದಕ್ಕೊಮ್ಮೆ ಉಸಿರೆಳೆದುಕೊಳ್ಳುವಂತಾದರೆ ಹೆಚ್ಚಾಯಿತು ಅಂತ. ಮೇಷ್ಟ್ರು ಮಾತು ನಿಲ್ಲಿಸಿದರು ಅಂದರೆ ನಾನು ಬಟ್ಟೆ ಬಕೆಟ್ ಕೆಳಗಿಟ್ಟು ಅವರ ಮುಖ ನೋಡುತ್ತೇನೆ.

ಒಂದು ದಿನ ಹಾಗೇ ನೋಡಿದೆ. ಬೆವರು ಹುಬ್ಬಿನಿಂದ ಇಳಿದು ಹ್ಯಾಂಡಲ್ ಮೇಲೆ ತೊಟ್ಟಿಕ್ಕುತ್ತಿತ್ತು. ಹಿಡಿ ಬಿಗಿಯಾಗಿ ಬೆರಳ ಗೆಣ್ಣುಗಳು ಬಿಳಿಚಿಕೊಂಡಿದ್ದವು. ತುಟಿ ಒಣಗಿತ್ತು. ಪೆಡಲ್ ಕೆಳಕ್ಕೆ ಹೋದಾಗಲೆಲ್ಲ ಇಡೀ ಮೈ ಆ ಕಡೆಗೆ ವಾಲುತ್ತಿತ್ತು. ಅವರೋ ಕೈಗಡಿಯಾರ ನೋಡುತ್ತಾ, "ಏನಮ್ಮಾ ಇದು, ಇಷ್ಟು ತುಳಿದ್ರೂ ತೊಂಬತ್ತೆರಡರ ಮೇಲೆ ಹೋಗ್ತಿಲ್ಲ. ಇನ್ನೂ ಒಂದು ಸುತ್ತು ಬಿಗಿ ಮಾಡ್ಲಾ?" ಅಂದರು.

"ಬೇಡಿ ಮೇಷ್ಟ್ರೇ, ಮೊದ್ಲು ಸಡಿಲ ಮಾಡಿ" ಅಂದೆ. "ಈಗ ಎಷ್ಟು ಕಷ್ಟ ಅನಿಸ್ತಿದೆ ಹೇಳಿ."

"ಕಷ್ಟ ಆಗ್ತಿದೆ. ಆದ್ರೆ ಗಡಿಯಾರ ಹಾಗೆ ಹೇಳ್ತಿಲ್ವಲ್ಲ."

ಗಡಿಯಾರ ಸುಳ್ಳು ಹೇಳುತ್ತಿರಲಿಲ್ಲ. ಹೃದಯಾಘಾತ ಆದವರಿಗೆ ಮೆಟೊಪ್ರೊಲಾಲ್‌ನಂಥ ಬೀಟಾ ಬ್ಲಾಕರ್ ಮಾತ್ರೆ ಕೊಡುವುದು ವಾಡಿಕೆ, ಮೇಷ್ಟ್ರಿಗೂ ಕೊಟ್ಟಿದ್ದಾರೆ. ಶ್ರಮ ಹೆಚ್ಚಿದಾಗ ಹೃದಯವನ್ನು ಜೋರಾಗಿ ಬಡಿಯುವಂತೆ ಮಾಡುವ ಅಡ್ರಿನಲಿನ್ ಸಂದೇಶವನ್ನು ಆ ಮಾತ್ರೆ ತಡೆಹಿಡಿಯುತ್ತದೆ. ಅದರ ಕೆಲಸವೇ ಅದು, ಹೃದಯಕ್ಕೆ ಬೇಕಾಗಿರುವ ಬಿಡುವೂ ಅದೇ. ಆದರೆ ಮಾತ್ರೆ ನುಂಗಿದವರ ನಾಡಿ ನೋಡಿ ಶ್ರಮ ಅಳೆಯಲು ಹೋದರೆ ಲೆಕ್ಕ ತಪ್ಪುತ್ತದೆ. ಮಾತ್ರೆಯಿಲ್ಲದವರ ನಾಡಿ ನೂರಿಪ್ಪತ್ತು ಮುಟ್ಟುವ ಶ್ರಮದಲ್ಲಿ ಇವರದು ತೊಂಬತ್ತರ ಆಸುಪಾಸಿನಲ್ಲೇ ಉಳಿಯಬಹುದು. 220ರಲ್ಲಿ ವಯಸ್ಸು ಕಳೆದು ಬಂದದ್ದರಲ್ಲಿ ಶೇಕಡಾ ಇಷ್ಟು ಅಂತ ಗುರಿ ಇಟ್ಟುಕೊಂಡು ತುಳಿಯುತ್ತಾ ಹೋದರೆ, ಗಡಿಯಾರಕ್ಕೆ ಸಮಾಧಾನ ಆಗುವಷ್ಟರಲ್ಲಿ ಮನುಷ್ಯ ಸುಸ್ತಾಗಿ ಬೀಳುತ್ತಾನೆ. ಇಂಥವರಿಗೆ ನಂಬಬಹುದಾದ ಸಾಕ್ಷಿ ಅವರದೇ ಮೈ.

ಮಾರನೆಯ ದಿನ ಒಂದು ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದುಕೊಂಡು ಹೋಗಿ ಅವರ ಸೈಕಲ್ ಮುಂದಿನ ಗೋಡೆಗೆ ಅಂಟಿಸಿದೆ. 6, ಶ್ರಮವೇ ಇಲ್ಲ. 7, ತೀರಾ ತೀರಾ ಹಗುರ. 9, ತುಂಬಾ ಹಗುರ. 11, ಹಗುರ. 13, ಸ್ವಲ್ಪ ಕಷ್ಟ. 15, ಕಷ್ಟ. 17, ತುಂಬಾ ಕಷ್ಟ. 19, ತೀರಾ ತೀರಾ ಕಷ್ಟ. 20, ಇನ್ನು ನನ್ನಿಂದ ಆಗದು. ನಡುವಿನ ಅಂಕಿಗಳ ಎದುರಿಗೆ ಮಾತಿಲ್ಲ, ಆದರೆ ಅವನ್ನೂ ಹೇಳಬಹುದು.

ಗಣಿತದ ಮೇಷ್ಟ್ರು ಬಿಡುತ್ತಾರೆಯೇ? "ಆರರಿಂದ ಯಾಕಮ್ಮಾ ಶುರು? ಸೊನ್ನೆಗೇನಾಗಿತ್ತು?"

ಒಳ್ಳೆಯ ಪ್ರಶ್ನೆ. ಈ ಪಟ್ಟಿ ಮಾಡಿದವರು ಸ್ವೀಡನ್ನಿನ ಮನೋವಿಜ್ಞಾನಿ ಗುನ್ನಾರ್ ಬೋರ್ಗ್. 1927ರಲ್ಲಿ ಹುಟ್ಟಿದವರು, 2020ರಲ್ಲಿ ತೀರಿಕೊಂಡರು. ಕೂತು ವಿಶ್ರಾಂತಿಯಲ್ಲಿರುವ ಆರೋಗ್ಯವಂತನ ನಾಡಿ ನಿಮಿಷಕ್ಕೆ ಸುಮಾರು 60. ಎಳೆಯ ವಯಸ್ಸಿನವನು ಶಕ್ತಿಯೆಲ್ಲ ಹಾಕಿ ತುಳಿದರೆ ಸುಮಾರು 200. ಹತ್ತರಿಂದ ಭಾಗಿಸಿದರೆ 6, 20. ಅಂದರೆ ಒಬ್ಬ ತರುಣ 13 ಅಂದರೆ ಅವನ ನಾಡಿ 130ರ ಸುತ್ತಮುತ್ತ ಇರಬೇಕು ಅಂತ ಎಣಿಸಿ ಮಾಡಿದ ಏಣಿ ಇದು. ಇದು ಅಂದಾಜಿನ ಲೆಕ್ಕ ಮಾತ್ರ ಅಂತ ಬೋರ್ಗ್ ಅವರೇ ಎಚ್ಚರಿಸಿದ್ದಾರೆ. ವಯಸ್ಸಾದಂತೆ ಹೃದಯದ ಗರಿಷ್ಠ ಬಡಿತ ಇಳಿಯುತ್ತದೆ. ಎಪ್ಪತ್ತರವರು 20 ಅಂದರೆ ನಾಡಿ 200 ಇರುವುದಿಲ್ಲ, ಅಷ್ಟು ಹೋಗಲೂಬಾರದು. ಮಾತ್ರೆ ನುಂಗುವವರಿಗಂತೂ ಹತ್ತರ ಗುಣಾಕಾರ ಬೇಡವೇ ಬೇಡ. ಆದರೆ ಗುಣಾಕಾರ ಬಿಟ್ಟುಹೋದರೂ ಅಂಕ ಉಳಿಯುತ್ತದೆ. 13 ಅಂದರೆ ಸ್ವಲ್ಪ ಕಷ್ಟ, ಆದರೂ ಹೀಗೇ ತುಳಿಯುತ್ತಿರಬಲ್ಲೆ ಅಂತ. ಆ ಅರ್ಥ ಮಾತ್ರೆಯಿಂದ ಬದಲಾಗುವುದಿಲ್ಲ.

ಬೋರ್ಗ್ ಈ ಕೆಲಸಕ್ಕೆ ಕೈ ಹಾಕಿದ್ದು 1950ರ ದಶಕದ ಕೊನೆಯಲ್ಲಿ, ಉತ್ತರ ಸ್ವೀಡನ್ನಿನ ಉಮಿಯೋ ಊರಿನಲ್ಲಿ, ಹಾನ್ಸ್ ಡಾಲ್‌ಸ್ಟ್ರೋಮ್ ಎಂಬ ವೈದ್ಯರ ಜೊತೆ ಸೇರಿ. ಅವರ ಪ್ರಯೋಗದ ಸಾಧನ ನಿಂತ ಸೈಕಲ್ಲೇ. ಯಾಕೆ ಸೈಕಲ್ ಅಂದರೆ, ಅದರಲ್ಲಿ ಹೊರೆಯನ್ನು ಕರಾರುವಾಕ್ಕಾಗಿ ಇಡಬಹುದು. ಸ್ವೀಡನ್ನಿನಲ್ಲೇ 1954ರಲ್ಲಿ ವಾನ್ ಡೋಬೆಲ್ನ್ ಎಂಬವರು ಸರಳವಾದೊಂದು ಎರ್ಗೋಮೀಟರ್, ಅಂದರೆ ಮಾಡಿದ ಕೆಲಸ ಅಳೆಯುವ ಸೈಕಲ್, ರೂಪಿಸಿದ್ದರು. ದೊಡ್ಡ ಚಕ್ರದ ಸುತ್ತ ಒಂದು ಪಟ್ಟಿ, ಪಟ್ಟಿಯ ಬಿಗಿತ ತೋರಿಸಲು ಒಂದು ತೂಕದ ಮುಳ್ಳು. ಮೊನಾರ್ಕ್ ಕಂಪನಿ ಮಾಡುವ ಅಂಥ ಸೈಕಲ್ಲಿನಲ್ಲಿ ಪೆಡಲ್ ಒಂದು ಸುತ್ತು ಬಂದರೆ ಚಕ್ರದ ಅಂಚು 6 ಮೀಟರ್ ಚಲಿಸುತ್ತದೆ. ಒಂದು ಕಿಲೋ ತೂಕದಷ್ಟು ಬಿಗಿತ ಇಟ್ಟು ನಿಮಿಷಕ್ಕೆ 50 ಸುತ್ತು ತುಳಿದರೆ ಸುಮಾರು 50 ವ್ಯಾಟ್ ಕೆಲಸ ಆಗುತ್ತದೆ. ಹೊರೆ ಇಷ್ಟೇ ಅಂತ ಖಚಿತವಾಗಿ ಗೊತ್ತಿದ್ದ ಮೇಲೆ ಅನುಭವವನ್ನು ಅದರ ಪಕ್ಕದಲ್ಲಿಟ್ಟು ನೋಡಬಹುದಲ್ಲ.

ಹಾಗೆ ನೋಡಿದಾಗ ಸಿಕ್ಕಿದ ಸಂಗತಿಯನ್ನು ಮೇಷ್ಟ್ರಿಗೆ ಹೇಳಿದೆ. ಹೊರೆ ಎರಡರಷ್ಟಾದರೆ ಕಷ್ಟದ ಅನುಭವವೂ ಎರಡರಷ್ಟೇ ಆಗುವುದಿಲ್ಲ, ಅದಕ್ಕಿಂತ ಬೇಗ ಏರುತ್ತದೆ. ಕಷ್ಟ ಹೊರೆಯ ಸುಮಾರು 1.6ನೇ ಘಾತದಂತೆ ಏರುತ್ತದೆ ಅಂತ ಬೋರ್ಗ್ ಅವರಿಗೆ ಸಿಕ್ಕಿತ್ತು. ಮೇಷ್ಟ್ರು ಪೆಡಲ್ ನಿಧಾನ ಮಾಡಿ ಕಣ್ಣು ಮುಚ್ಚಿಕೊಂಡರು. "ಎರಡರ ಲಾಗ್ 0.3010. ಇಂಟು 1.6... 0.4816. ಮೂರರ ಲಾಗ್ 0.4771. ಹಾಗಾದ್ರೆ ಮೂರಕ್ಕಿಂತ ಚೂರು ಜಾಸ್ತಿ!" ಅಂದು ಕಣ್ಣು ಬಿಟ್ಟರು. ಮುಖದಲ್ಲಿ ಪಾಠ ಮುಗಿಸಿದ ಸಂತೋಷ. "ಅಂದ್ರೆ ಹೊರೆ ಡಬಲ್ ಮಾಡಿದ್ರೆ ಕಷ್ಟ ಮೂರರಷ್ಟು. ನೋಡಮ್ಮಾ, ನಾನು ನಾಬ್ ಒಂದು ಸುತ್ತು ತಿರುಗಿಸ್ದಾಗ ಅಷ್ಟೊಂದು ಭಾರ ಅನಿಸಿದ್ದು ಯಾಕೆ ಅಂತ ಈಗ ಗೊತ್ತಾಯ್ತು."

ಬಿಗಿ ಮಾಡುವವರೆಲ್ಲ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದ ಲೆಕ್ಕ ಇದು. ಇದರ ಜೊತೆಗೆ ಇನ್ನೊಂದು ಮಾತೂ ಇದೆ. ಮನೆಗೆ ತರುವ ಸೈಕಲ್ಲಿನ ನಾಬ್ ಮೇಲೆ 1, 2, 3 ಅಂತ 8ರವರೆಗೆ ಬರೆದಿರುತ್ತದೆ. ಅದು ಕಿಲೋ ಅಲ್ಲ, ವ್ಯಾಟ್ ಅಲ್ಲ, ಬರೀ ಗುರುತು. ನಿಮ್ಮ ಮನೆಯ 4 ನಮ್ಮ ಮನೆಯ 4 ಅಲ್ಲ. ಪರದೆಯ ಮೇಲಿನ ಕ್ಯಾಲೊರಿಯೂ ಅಂಥದೇ. ಎಷ್ಟೋ ಸೈಕಲ್‌ಗಳು ತುಳಿಯುವವರ ತೂಕ, ವಯಸ್ಸು ಏನೂ ಕೇಳದೆ ಅದನ್ನು ತೋರಿಸುತ್ತವೆ. ಆಸ್ಪತ್ರೆಯಲ್ಲಿ ಹೊರೆಯೂ ಗೊತ್ತಿತ್ತು, ಇಸಿಜಿಯೂ ಕಣ್ಣ ಮುಂದೆ ಇತ್ತು, ಆದರೂ ನಾವು ಅನುಭವದ ಅಂಕ ಕೇಳುತ್ತಿದ್ದೆವು. ಮನೆಯಲ್ಲಿ ಇದ್ಯಾವುದೂ ಇಲ್ಲ. ಕೇಳುವ ಅಗತ್ಯ ಇನ್ನೂ ಜಾಸ್ತಿ.

ಇಷ್ಟೆಲ್ಲ ಆಗುವಾಗ ಅಡುಗೆಮನೆ ಕಿಟಕಿಯಿಂದ ಮೇಷ್ಟ್ರ ಹೆಂಡತಿ ಕೇಳಿಸಿಕೊಳ್ಳುತ್ತಿದ್ದರು. ಅವರನ್ನು ನಾನು ಅಮ್ಮ ಅಂತಲೇ ಕರೆಯುವುದು. "ಅನಿಸಿದ್ದಕ್ಕೆಲ್ಲ ನಂಬರ್ ಕೊಟ್ರೆ ಅದು ಅಳತೆ ಆಗುತ್ತಾ?" ಅಂತ ಮೇಷ್ಟ್ರು ಅನುಮಾನ ತೆಗೆದಾಗ ಅಮ್ಮನೇ ಕಿಟಕಿಯಿಂದ ಉತ್ತರ ಕೊಟ್ಟರು: "ಯಾಕಾಗಲ್ಲ? ಮೈಸೂರು ಪಾಕಿಗೆ ಸಕ್ಕರೆ ಪಾಕ ಬಂದಿದ್ಯೋ ಇಲ್ವೋ ಅಂತ ನಾನು ಬೆರಳಲ್ಲೇ ಅಲ್ವಾ ನೋಡೋದು? ಒಂದೆಳೆ ಬಂತು ಅಂತ ನಾನಂದ್ರೆ ಒಂದೆಳೇನೇ. ಥರ್ಮಾಮೀಟರ್ ಯಾರಿಟ್ಟಿದ್ರು?"

ಅಮ್ಮನ ಮಾತಿನಲ್ಲಿ ಈ ಪಟ್ಟಿಯ ಜೀವಾಳವೇ ಇದೆ. ಬೆರಳು ಪಳಗಿರಬೇಕು ಅನ್ನುವುದನ್ನು ಮಾತ್ರ ಸೇರಿಸಿಕೊಳ್ಳಬೇಕು. ಮೊದಲ ದಿನ ಯಾರ ಅಂಕವೂ ಸರಿಯಾಗಿ ಬರುವುದಿಲ್ಲ. ಏಣಿಯ ಎರಡು ತುದಿಯನ್ನು ಮೊದಲು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳಬೇಕು. ಸುಮ್ಮನೆ ಕುರ್ಚಿಯಲ್ಲಿ ಕೂತಿರುವುದು 6. ಮನೆಯ ಮುಂದೆ ನಮ್ಮ ಪಾಡಿಗೆ ನಿಧಾನವಾಗಿ ನಡೆದಾಡುವುದು 9. ಮೇಲಿನ ತುದಿಗೆ, ನೀವು ಇಡೀ ಜೀವಮಾನದಲ್ಲಿ ಪಟ್ಟ ಅತಿ ದೊಡ್ಡ ಶ್ರಮ ಯಾವುದು ಅಂತ ನೆನಪು ಮಾಡಿಕೊಳ್ಳಿ, ಅದು 19.

ಮೇಷ್ಟ್ರು ಯೋಚಿಸಲೂ ಇಲ್ಲ. "ಚಾಮುಂಡಿ ಬೆಟ್ಟ" ಅಂದರು. ಕಾಲೇಜಿನ ದಿನಗಳಲ್ಲಿ ಗೆಳೆಯರ ಜೊತೆ ಪಂಥ ಕಟ್ಟಿ ಸಾವಿರ ಮೆಟ್ಟಿಲನ್ನು ಎಲ್ಲೂ ಕೂರದೆ ಓಡುತ್ತಾ ಹತ್ತಿದ್ದರಂತೆ. ದೊಡ್ಡ ನಂದಿ ದಾಟಿದ ಮೇಲೆ ಕಾಲು ನಡುಗಿ, ಮೇಲೆ ಹೋಗಿ ಮುಟ್ಟಿದಾಗ ಮಾತೇ ಹೊರಡಲಿಲ್ಲವಂತೆ. ಅಮ್ಮನನ್ನು ಕೇಳಿದೆ. ತವರಿನಲ್ಲಿ ಮದುವೆ ಮನೆಗೆ ಸೇದುವ ಬಾವಿಯಿಂದ ಬೆಳಗಿನಿಂದ ಮಧ್ಯಾಹ್ನದವರೆಗೆ ನೀರು ಸೇದಿ ಹಂಡೆ ತುಂಬಿಸಿದ್ದು, ಅವತ್ತು ರಾತ್ರಿ ಕೈ ಮೇಲೆತ್ತಲು ಆಗದೆ ಜಡೆ ಬಿಚ್ಚದೆ ಮಲಗಿದ್ದು ಹೇಳಿದರು. ಹಾಗೆ ಹೇಳಿ ಅಮ್ಮನೂ ಒಂದು ದಿನ ಸೈಕಲ್ ಹತ್ತಿದರು. ಮೇಷ್ಟ್ರು 13 ಅನ್ನುವ ಬಿಗಿತದಲ್ಲೇ ತುಳಿದು, ಸೆರಗಿನ ಗಂಟು ಸಡಿಲಿಸದೆ, "ನಂಗೆ ಇದು ಹತ್ತು" ಅಂದರು.

ಮೇಷ್ಟ್ರ ಮುಖ ಸ್ವಲ್ಪ ಚಿಕ್ಕದಾಯಿತು. ಇಲ್ಲಿ ನಾನು ಗಟ್ಟಿಯಾಗಿಯೇ ಹೇಳಿದೆ: ಈ ಅಂಕ ಪರೀಕ್ಷೆಯ ಅಂಕ ಅಲ್ಲ. ಇನ್ನೊಬ್ಬರ ಅಂಕದ ಪಕ್ಕ ಇಡುವುದಕ್ಕೆ ಅಲ್ಲವೇ ಅಲ್ಲ. ನಿಮ್ಮ ಇವತ್ತಿನ ಅಂಕವನ್ನು ನಿಮ್ಮದೇ ಹೋದ ತಿಂಗಳ ಅಂಕದ ಪಕ್ಕ ಇಡುವುದಕ್ಕೆ. ಅದೇ ಬಿಗಿತ, ಅದೇ ವೇಗ. ಹೋದ ತಿಂಗಳು 15 ಅಂದವರು ಈ ತಿಂಗಳು 12 ಅಂದರೆ ಮೈ ಗಟ್ಟಿಯಾಗುತ್ತಿದೆ. ನಿನ್ನೆಯವರೆಗೆ 12 ಅಂದವರಿಗೆ ಇವತ್ತು ಕಾರಣವಿಲ್ಲದೆ 16 ಅನಿಸಿದರೆ ಏನೋ ಸರಿಯಿಲ್ಲ, ನಿಲ್ಲಿಸಿ, ಜ್ವರ ಬರುವಂತಿದೆಯೇ ನೋಡಿ, ವೈದ್ಯರಿಗೆ ಹೇಳಿ. ಆಸ್ಪತ್ರೆಯಲ್ಲಿ ನನಗೆ ಈ ಪಟ್ಟಿಯ ಮೇಲೆ ನಂಬಿಕೆ ಬಂದದ್ದೇ ಇಂಥ ಕಡೆ. ನಾಡಿಯಲ್ಲಿ, ಬಿಪಿಯಲ್ಲಿ ಏನೂ ಕಾಣದ ದಿನವೂ ಕೆಲವರ ಅಂಕ ಮೇಲೇರಿ ನಮ್ಮನ್ನು ಎಚ್ಚರಿಸುತ್ತಿತ್ತು.

ಆದರೆ ನಿಜವಾದ ಅಂಕ ಹೊರಡಿಸುವುದು ಸುಲಭವಲ್ಲ. ನಮ್ಮ ಜನರ ಸಂಕೋಚ ದೊಡ್ಡದು. ಡಾಕ್ಟರು ಎದುರಿಗೆ ನಿಂತಿದ್ದರೆ ಎಂಥ ಕಷ್ಟಕ್ಕೂ "ಪರವಾಗಿಲ್ಲ" ಅನ್ನುವವರೇ ಹೆಚ್ಚು. ಗಂಡಸರಿಗೆ, ಅದರಲ್ಲೂ ಮಗನೋ ಅಳಿಯನೋ ಪಕ್ಕದಲ್ಲಿದ್ದರೆ, ಕಷ್ಟ ಅನ್ನಲು ನಾಲಿಗೆ ಹೊರಳುವುದಿಲ್ಲ. ಹೊಲದಲ್ಲಿ ದುಡಿದು ಬಂದ ಹೆಂಗಸರು ಉಸಿರು ಮೇಲಕ್ಕೆ ಬರುತ್ತಿದ್ದರೂ "ಇದೇನು ಮಹಾ" ಅನ್ನುತ್ತಿದ್ದರು. ಅವರ ಬಾಳಿನಲ್ಲಿ ಕಂಡ ಶ್ರಮದ ಮುಂದೆ ಅದು ನಿಜವೂ ಹೌದು. ಅವರ ಹತ್ತಿರ ನಾನು ಮಾಡುತ್ತಿದ್ದದ್ದು ಇಷ್ಟು: ಸಂಬಂಧಿಕರನ್ನು ಸ್ವಲ್ಪ ಹೊರಗೆ ಕಳಿಸಿ, ಪಟ್ಟಿಯನ್ನು ಎದುರಿಗೆ ಹಿಡಿದು, ಬಾಯಲ್ಲಿ ಹೇಳುವುದು ಬೇಡ, ಬೆರಳಿಟ್ಟು ತೋರಿಸಿ ಅನ್ನುತ್ತಿದ್ದೆ. ಓದು ಬಾರದವರಿಗೆ ಪಟ್ಟಿಯನ್ನು ಮೊದಲೇ ಎರಡು ಮೂರು ಸಲ ನಿಧಾನವಾಗಿ ಹೇಳಿ ಮನದಟ್ಟು ಮಾಡಿಸುತ್ತಿದ್ದೆ. ಬಾಯಿ "ಪರವಾಗಿಲ್ಲ" ಅನ್ನುತ್ತಿದ್ದ ಹೊತ್ತಿನಲ್ಲೇ ಬೆರಳು ಹದಿನೇಳರ ಮೇಲೆ ಹೋಗಿ ಕೂರುತ್ತಿತ್ತು. ಬೆರಳು ತೋರಿಸಿದ್ದನ್ನೇ ನಾನು ಬರೆದುಕೊಳ್ಳುತ್ತಿದ್ದೆ.

ಇನ್ನೊಂದು ಪ್ರಶ್ನೆಯನ್ನೂ ಸೇರಿಸಿ ಕೇಳಬೇಕು: ಕಷ್ಟ ಎಲ್ಲಿ, ಕಾಲಿನಲ್ಲೋ ಎದೆಯಲ್ಲೋ? ಸೈಕಲ್ಲಿನಲ್ಲಿ ಮೈಯ ಭಾರವನ್ನು ಸೀಟು ಹೊರುತ್ತದೆ, ಕೆಲಸವೆಲ್ಲ ತೊಡೆಯ ಸ್ನಾಯುಗಳ ಮೇಲೆ ಬೀಳುತ್ತದೆ. ನಡೆದು ರೂಢಿಯಿದ್ದು ಸೈಕಲ್ ಬಿಟ್ಟು ಎಷ್ಟೋ ಕಾಲವಾದವರಿಗೆ ಉಸಿರಿಗಿಂತ ಮುಂಚೆ ತೊಡೆ ಸೋಲುತ್ತದೆ. ಕಾಲು 15 ಅಂದು ಉಸಿರು 11 ಅಂದರೆ ಬಿಗಿತ ಇಳಿಸಿ ಸ್ವಲ್ಪ ಬೇಗ ಬೇಗ ತುಳಿಯಲು ಹೇಳುತ್ತೇವೆ. ಅಷ್ಟೇ ವ್ಯಾಟ್ ಕೆಲಸವನ್ನು ನಿಮಿಷಕ್ಕೆ ನಲವತ್ತು ಸುತ್ತಿನಲ್ಲಿ ಒತ್ತಿ ಒತ್ತಿ ಮಾಡುವುದಕ್ಕಿಂತ ಅರವತ್ತು ಸುತ್ತಿನಲ್ಲಿ ಮಾಡಿದರೆ ತೊಡೆಗೆ ಹಗುರ. ಸೀಟು ತಗ್ಗಾಗಿದ್ದರೂ ಇದೇ ಪಾಡು. ಮೇಷ್ಟ್ರ ಸೀಟು ಮೊಮ್ಮಗನ ಎತ್ತರಕ್ಕೆ ಇಳಿದಿತ್ತು. ಪೆಡಲ್ ಅತಿ ಕೆಳಗೆ ಬಂದಾಗ ಮಂಡಿ ಚೂರೇ ಬಾಗಿರುವಷ್ಟು ಮೇಲಕ್ಕೆ ಎತ್ತಿಸಿದೆ. ಬಿಗಿತ ಮುಟ್ಟದೆಯೇ ಅವರ ಅಂಕ ಅವತ್ತೇ ಇಳಿಯಿತು. ಆದರೆ ಕಾಲು 11 ಅಂದು ಎದೆ, ಉಸಿರು 15 ಅಂದರೆ ನಾನು ಸೀಟಿನ ವಿಷಯ ಮಾತಾಡುವುದಿಲ್ಲ, ತುಳಿಯುವುದನ್ನು ನಿಧಾನ ಮಾಡಿಸುತ್ತೇನೆ. ಉಬ್ಬಸ, ಶ್ವಾಸಕೋಶದ ತೊಂದರೆ ಇರುವವರ ಉಸಿರಾಟದ ಕಷ್ಟ ಕೇಳಲು ಬೋರ್ಗ್ ಅವರದೇ ಸೊನ್ನೆಯಿಂದ ಹತ್ತರ ಇನ್ನೊಂದು ಪಟ್ಟಿ ಇದೆ. ಮೇಷ್ಟ್ರು ಕೇಳಿದ ಸೊನ್ನೆ ಅದರಲ್ಲಿ ಸಿಗುತ್ತದೆ.

ಒಂದು ಸಂಜೆಯ ಸಂಗತಿ ಹೇಳುತ್ತೇನೆ. ಮೇಷ್ಟ್ರು ಬೆಳಿಗ್ಗೆ ಬಿಟ್ಟು ಸಂಜೆ ತುಳಿಯುತ್ತಿದ್ದರು. ಅದೇ ಬಿಗಿತ, ಅದೇ ಇಪ್ಪತ್ತು ನಿಮಿಷ. ನಾನು ಕೇಳದೆಯೇ "ಇವತ್ತು ಹದಿನೈದಮ್ಮ" ಅಂದರು. ಎದೆ ನೋವಿಲ್ಲ, ತಲೆ ಸುತ್ತಿಲ್ಲ, ಬಿಪಿ ಸರಿಯಾಗೇ ಇತ್ತು. ವಿಚಾರಿಸಿದರೆ ಮಧ್ಯಾಹ್ನವೆಲ್ಲ ಪೆನ್ಶನ್ ಕಾಗದ ಹಿಡಿದು ಒಂದಾದ ಮೇಲೊಂದು ಕೌಂಟರಿನ ಮುಂದೆ ಕೂತು ಕಾದು, ಅಂಕಿ ಹೊಂದಿಸಿ, ಅರ್ಜಿ ತುಂಬಿ ಬಂದಿದ್ದರು. "ಕೂತಿದ್ದೇ ಜಾಸ್ತಿ, ಓಡಾಡಿದ್ದು ಕಮ್ಮಿ. ಕಾಲಿಗೇನು ಸುಸ್ತು?" ಅಂತ ಅವರಿಗೇ ಆಶ್ಚರ್ಯ.

ಮನಸ್ಸು ದಣಿದರೆ ಕಷ್ಟದ ಅಂಕ ಏರುವುದನ್ನು ಅಳೆದು ನೋಡಿದವರಿದ್ದಾರೆ. ವೇಲ್ಸ್‌ನ ಬ್ಯಾಂಗರ್ ವಿಶ್ವವಿದ್ಯಾಲಯದಲ್ಲಿ ಸಾಮುಯೆಲೆ ಮಾರ್ಕೋರಾ ಮತ್ತು ಜೊತೆಗಾರರು 2009ರಲ್ಲಿ ಪ್ರಕಟಿಸಿದ ಪ್ರಯೋಗ. 16 ಜನರಿಗೆ ಒಂದು ದಿನ 90 ನಿಮಿಷ ಗಮನ ಕದಲದಂತೆ ಮಾಡಬೇಕಾದ ಕಂಪ್ಯೂಟರ್ ಕೆಲಸ, ಇನ್ನೊಂದು ದಿನ ಅಷ್ಟೇ ಹೊತ್ತು ಸಾಕ್ಷ್ಯಚಿತ್ರ. ಆಮೇಲೆ ಎರಡೂ ದಿನ ತಮ್ಮ ಗರಿಷ್ಠ ಶಕ್ತಿಯ ಶೇಕಡಾ 80ರ ಹೊರೆಯಲ್ಲಿ ಆಗುವಷ್ಟು ಹೊತ್ತು ಸೈಕಲ್ ತುಳಿಯಬೇಕು. ಚಿತ್ರ ನೋಡಿದ ದಿನ ಸರಾಸರಿ ಹನ್ನೆರಡೂವರೆ ನಿಮಿಷ ತುಳಿದವರು ಮನಸ್ಸು ದಣಿದ ದಿನ ಹತ್ತು ಮುಕ್ಕಾಲು ನಿಮಿಷಕ್ಕೇ ಕೈಬಿಟ್ಟರು. ಹೃದಯ, ಶ್ವಾಸಕೋಶ, ಸ್ನಾಯು ಇವುಗಳ ಅಳತೆಯಲ್ಲಿ ಅದಕ್ಕೆ ತಕ್ಕ ವ್ಯತ್ಯಾಸ ಕಾಣಲಿಲ್ಲ. ಬೇರೆಯಾಗಿದ್ದದ್ದು ಕಷ್ಟದ ಅಂಕ. ದಣಿದ ಮನಸ್ಸಿನವರು ಮೊದಲಿನಿಂದಲೇ ಹೆಚ್ಚು ಅಂಕ ಕೊಡುತ್ತಾ ಬಂದು, ತಡೆಯಲಾಗದ ಹಂತಕ್ಕೆ ಬೇಗ ಮುಟ್ಟಿದ್ದರು. ಮೇಷ್ಟ್ರಿಗೆ ಇದನ್ನು ಹೇಳಿದಾಗ ಅವರು ಪೆಡಲ್ ನಿಲ್ಲಿಸಿ, "ಹಾಗಾದ್ರೆ ನಾನು ಸೋಮಾರಿ ಆಗಿಲ್ಲ" ಅಂದರು. ಆ ಮಾತು ಕೇಳಿ ನನಗೆ ಹೊಟ್ಟೆಯಲ್ಲಿ ಕಲಸಿದಂತಾಯಿತು. ಎಷ್ಟು ಜನ ಹಿರಿಯರು ತಮ್ಮ ದಣಿವನ್ನು ಸೋಮಾರಿತನ ಅಂತ ತಾವೇ ಬೈದುಕೊಂಡು ಇನ್ನೊಂದು ಸುತ್ತು ಬಿಗಿ ಮಾಡುತ್ತಾರೋ!

ಅಂಕವನ್ನು ಇಳಿಸುವ ಸಂಗತಿಗಳೂ ಇವೆ. ಕಾಫಿ ಅದರಲ್ಲೊಂದು. ಡೊಹರ್ಟಿ ಮತ್ತು ಸ್ಮಿತ್ ಎಂಬವರು 2005ರಲ್ಲಿ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಕೆಫೀನ್ ತೆಗೆದುಕೊಂಡವರ ಅಂಕ ಶೇಕಡಾ ಐದಾರರಷ್ಟು ಕಡಿಮೆ ಇತ್ತು. ಅಲ್ಲಿ ಕೊಟ್ಟ ಕೆಫೀನ್ ನಮ್ಮ ಒಂದು ಲೋಟ ಕಾಫಿಗಿಂತ ಬಹಳ ಹೆಚ್ಚು. ಹೃದಯದ ತೊಂದರೆ ಇರುವವರು ಅದನ್ನು ಅನುಕರಿಸಬಾರದು. ಹಾಡೂ ಅಂಕ ಇಳಿಸುತ್ತದೆ. ಮೇಷ್ಟ್ರು ಮೊಬೈಲಿನಲ್ಲಿ ದೇವರನಾಮ ಹಾಕಿಕೊಂಡ ದಿನ 12ರ ಕಡೆ 11 ಅನ್ನುತ್ತಾರೆ. ಹಗುರ, ಮಧ್ಯಮ ಶ್ರಮದಲ್ಲಿ ಗಮನ ಹಾಡಿನ ಕಡೆ ಹೋಗುತ್ತದೆ. ಶ್ರಮ ತೀರಾ ಏರಿದಾಗ ಯಾವ ಹಾಡೂ ಕಿವಿಗೆ ಬೀಳುವುದಿಲ್ಲ, ಉಸಿರು ಮತ್ತು ತೊಡೆಯೇ ಗಮನವನ್ನೆಲ್ಲ ಎಳೆದುಕೊಳ್ಳುತ್ತವೆ.

ಸೆಖೆಯ ಬಗ್ಗೆ ನಾವು ಯಾರೂ ಯೋಚಿಸುವುದಿಲ್ಲ. ರಸ್ತೆಯಲ್ಲಿ ಸೈಕಲ್ ಹೋಗುವಾಗ ಗಾಳಿ ಮೈಗೆ ಬೀಸುತ್ತದೆ, ಬೆವರು ಆರುತ್ತದೆ, ಮೈ ತಂಪಾಗುತ್ತದೆ. ನಿಂತ ಸೈಕಲ್ಲಿಗೆ ಗಾಳಿ ಎಲ್ಲಿಂದ ಬರಬೇಕು? ಮೇಷ್ಟ್ರು ತುಳಿಯುವುದು ಶೀಟಿನ ಕೆಳಗೆ. ಏಪ್ರಿಲ್‌ನಲ್ಲಿ ಒಂಬತ್ತು ಗಂಟೆಗೆಲ್ಲ ಅಲ್ಲಿ ಕಾವು ಇಳಿಯುತ್ತದೆ. ಬೆವರು ಆರದೆ ಬರೀ ಸುರಿಯುತ್ತದೆ, ಮೈ ತಂಪು ಮಾಡಲು ರಕ್ತ ಚರ್ಮದ ಕಡೆ ಹರಿಯುತ್ತದೆ, ಅದೇ ಬಿಗಿತದಲ್ಲಿ ಕಷ್ಟ ಮೇಲೇರುತ್ತಾ ಹೋಗುತ್ತದೆ. ಒಂದು ಟೇಬಲ್ ಫ್ಯಾನ್ ಎದುರಿಗೆ ಇಡಿಸಿದ್ದು ನಾನು ಕೊಟ್ಟ ಸಲಹೆಗಳಲ್ಲೆಲ್ಲ ಹೆಚ್ಚು ಫಲ ಕೊಟ್ಟಿತು.

ಇನ್ನು ಎಷ್ಟರಲ್ಲಿ ತುಳಿಯಬೇಕು? ಹೃದಯದ ಚಿಕಿತ್ಸೆ ಆದವರಿಗೆ ನಾವು ಸಾಮಾನ್ಯವಾಗಿ ಹೇಳುತ್ತಿದ್ದದ್ದು 11ರಿಂದ 13, ಪಳಗಿದ ಮೇಲೆ 14. ಆರೋಗ್ಯವಾಗಿರುವವರು ಮಧ್ಯಮ ವ್ಯಾಯಾಮ ಅಂದರೆ 12–13 ಅಂತ ಇಟ್ಟುಕೊಳ್ಳಬಹುದು. ಮೊದಲ ಐದು ನಿಮಿಷ 9ರಲ್ಲಿ, ಕೊನೆಯ ಐದು ನಿಮಿಷ ಮತ್ತೆ 9ಕ್ಕೆ ಇಳಿಸಿ. ನಿಮ್ಮ ವೈದ್ಯರು ಬೇರೆ ಅಂಕ ಹೇಳಿದ್ದರೆ ಅವರದೇ ಸರಿ. ಮತ್ತೆ ಇದೊಂದನ್ನು ನೆನಪಿಡಿ: ಎದೆಯಲ್ಲಿ ಬಿಗಿತ ಅಥವಾ ನೋವು, ದವಡೆಗೋ ತೋಳಿಗೋ ಹರಿಯುವ ನೋವು, ತಲೆ ಸುತ್ತು, ಕಣ್ಣು ಕತ್ತಲೆ, ತಣ್ಣನೆ ಬೆವರು ಇವಕ್ಕೆ ಈ ಪಟ್ಟಿಯಲ್ಲಿ ಅಂಕವಿಲ್ಲ. ಅವು ಬಂದಾಗ ಎಷ್ಟು ಅಂತ ಯೋಚಿಸುತ್ತಾ ಕೂರಬಾರದು. ನಿಲ್ಲಿಸಬೇಕು, ಕೂರಬೇಕು, ಮನೆಯವರನ್ನು ಕೂಗಬೇಕು, ಆಸ್ಪತ್ರೆಗೆ ಹೋಗಬೇಕು.

ಈಗ ಮೇಷ್ಟ್ರ ಮಗ ಬೆಂಗಳೂರಿನಿಂದ ಬಂದಾಗಲೆಲ್ಲ ನಾನು ಕಾಂಪೌಂಡ್ ಈಚೆಯಿಂದ ಒಂದು ಮಾತು ಹೇಳುತ್ತೇನೆ, ನಿಮಗೂ ಅದನ್ನೇ ಹೇಳುತ್ತೇನೆ. ಅಪ್ಪನಿಗೋ ಅಮ್ಮನಿಗೋ ಸೈಕಲ್ ತಂದುಕೊಟ್ಟಿದ್ದೀರಿ, ಗಡಿಯಾರ ಕಟ್ಟಿದ್ದೀರಿ, ಸಂತೋಷ. ಒಂದು ರಟ್ಟಿನ ಮೇಲೆ ಆರರಿಂದ ಇಪ್ಪತ್ತರವರೆಗೆ ದೊಡ್ಡ ಅಕ್ಷರದಲ್ಲಿ ಬರೆದು ಅವರ ಕಣ್ಣಿಗೆ ಬೀಳುವ ಕಡೆ ಅಂಟಿಸಿ. ಫೋನ್ ಮಾಡಿದಾಗ ಎಷ್ಟು ಕಿಲೋಮೀಟರ್ ಅಂತ ಕೇಳುವ ಮೊದಲು ಇವತ್ತು ಎಷ್ಟು ಅನಿಸಿತು ಅಂತ ಕೇಳಿ. ಅವರು ಹದಿನೈದು ಅಂದರೆ "ಅಷ್ಟೊಂದೇನಿಲ್ಲ ಬಿಡಪ್ಪ" ಅನ್ನಬೇಡಿ. ಬಿಗಿತ ಇಳಿಸಲು ಹೇಳಿ.